ದೇಶಗಳ ಅಭಿವೃದ್ಧಿಗೆ ಅಳತೆಗೋಲು ಯಾವುದು? ವ್ಯಾಪಾರಿಗಳೂ ಉದ್ದಿಮೆದಾರರೂ ಗಮನಿಸಬೇಕಾದ ಸಂಗತಿಗಳು

ಹೊಸ ಗಿರಾಕಿಯೊಬ್ಬರಿಗೆ ಸಾಲದ ಮೇಲೆ ಸರಕು ಕಳುಹಿಸುವ ಮುನ್ನ ನಾವು ಏನೇನು ವಿಚಾರಿಸುತ್ತೇವೆ? ವರ್ಷದ ವಹಿವಾಟು ಎಷ್ಟೆಂದು ಕೇಳುತ್ತೇವೆ, ಆದರೆ ಅಷ್ಟಕ್ಕೇ ನಿಲ್ಲುವುದಿಲ್ಲ. ಲಾಭ-ನಷ್ಟ ಖಾತೆಯನ್ನು ನೋಡುತ್ತೇವೆ, ಅಢಾವೆ ಪತ್ರಿಕೆಯಲ್ಲಿ ಸಾಲದ ಹೊರೆ ಎಷ್ಟಿದೆಯೆಂದು ಪರಿಶೀಲಿಸುತ್ತೇವೆ, ಪೇಟೆಯಲ್ಲಿ ಅವರ ಹೆಸರು ಹೇಗಿದೆಯೆಂದು ನಾಲ್ಕು ಜನರನ್ನು ಕೇಳುತ್ತೇವೆ. ಭಾರಿ ವಹಿವಾಟು ತೋರಿಸಿ ಆರು ತಿಂಗಳಲ್ಲಿ ಬಾಗಿಲು ಹಾಕಿದವರನ್ನೂ, ಸಣ್ಣ ವಹಿವಾಟಿನಲ್ಲಿಯೇ ಮೂರು ತಲೆಮಾರು ನಡೆದುಬಂದ ಅಂಗಡಿಗಳನ್ನೂ ನಾವು ಕಂಡಿದ್ದೇವೆ.

ಆದರೆ ಒಂದು ದೇಶದ ವಿಷಯ ಬಂದಾಗ ಈ ಎಚ್ಚರ ಸಡಿಲವಾಗುತ್ತದೆ. "ಅಲ್ಲಿಯ ತಲಾ ಆದಾಯ ನಮ್ಮದಕ್ಕಿಂತ ಮೂರು ಪಟ್ಟು ಇದೆ, ಆದ್ದರಿಂದ ಒಳ್ಳೆಯ ಮಾರುಕಟ್ಟೆ" ಎಂಬ ಮಾತನ್ನು ರಫ್ತುದಾರ ಮಿತ್ರರಿಂದ ಆಗಾಗ ಕೇಳುತ್ತಿರುತ್ತೇನೆ. ಇದು ವಹಿವಾಟಿನ ಅಂಕಿಯೊಂದನ್ನೇ ನಂಬಿ ಸಾಲ ಕೊಟ್ಟಂತೆ. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಈ ಅಂಕಿಅಂಶಗಳು ಕೇವಲ ತಿಳುವಳಿಕೆಗಾಗಿ ಇರುವಂಥವಲ್ಲ. ನಮ್ಮ ರಫ್ತಿನ ಮೇಲೆ ಸಿಗುತ್ತಿದ್ದ ಪ್ರೋತ್ಸಾಹಧನವೊಂದು ಹೋದದ್ದರಲ್ಲಿ ಇಂತಹ ಒಂದು ಅಂಕಿಯ ಪಾತ್ರ ದೊಡ್ಡದು. ಆದುದರಿಂದ ಭೂಗೋಳ ಶಾಸ್ತ್ರಜ್ಞರೂ ಅರ್ಥಶಾಸ್ತ್ರಜ್ಞರೂ ದೇಶಗಳ ಅಭಿವೃದ್ಧಿಯನ್ನು ಯಾವ ಯಾವ ಗೋಲಿನಿಂದ ಅಳೆಯುತ್ತಾರೆ, ಯಾವ ಗೋಲು ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ ಎಂಬುದನ್ನು ನಾವು ಅರಿತಿರುವುದು ಒಳಿತು.

ನಕ್ಷೆಯ ಮೇಲೆ ಎಳೆದ ಗೆರೆ

1952ರಲ್ಲಿ ಫ್ರೆಂಚ್ ವಿದ್ವಾಂಸ ಆಲ್ಫ್ರೆಡ್ ಸೋವಿ ಅವರು 'ಮೂರನೆಯ ಜಗತ್ತು' ಎಂಬ ಪದವನ್ನು ಬಳಕೆಗೆ ತಂದರು. 1980ರಲ್ಲಿ ಪಶ್ಚಿಮ ಜರ್ಮನಿಯ ಮಾಜಿ ಚಾನ್ಸಲರ್ ವಿಲ್ಲಿ ಬ್ರಾಂಟ್ ಅವರ ಅಧ್ಯಕ್ಷತೆಯ ಆಯೋಗವು ತನ್ನ ವರದಿಯಲ್ಲಿ ಜಗತ್ತನ್ನು ಶ್ರೀಮಂತ ಉತ್ತರ ಮತ್ತು ಬಡ ದಕ್ಷಿಣ ಎಂದು ವಿಂಗಡಿಸಿತು. ಮೆಕ್ಸಿಕೋದ ಉತ್ತರ ಗಡಿಯಿಂದ ಹೊರಟು, ಮೆಡಿಟರೇನಿಯನ್ ಸಮುದ್ರವನ್ನು ದಾಟಿ, ಜಪಾನನ್ನು ಬಳಸಿ, ಆಸ್ಟ್ರೇಲಿಯ ಹಾಗೂ ನ್ಯೂಜಿಲೆಂಡುಗಳನ್ನು ಉತ್ತರಕ್ಕೆ ಸೇರಿಸಿಕೊಳ್ಳಲು ಕೆಳಕ್ಕೆ ಬಾಗುವ ಆ ರೇಖೆ ಶಾಲಾ ಭೂಗೋಳ ಪುಸ್ತಕಗಳಲ್ಲಿ ಬಹುಕಾಲ ಉಳಿಯಿತು. ಆದರೆ ಅಂದು ದಕ್ಷಿಣಕ್ಕೆ ಸೇರಿದ್ದ ಸಿಂಗಪುರ ಮತ್ತು ದಕ್ಷಿಣ ಕೊರಿಯಾ ಇಂದು ಅಧಿಕ ಆದಾಯದ ದೇಶಗಳು. ಗೆರೆ ನಿಂತಲ್ಲಿಯೇ ನಿಂತಿತು, ದೇಶಗಳು ದಾಟಿ ಹೋದವು. ಆದ್ದರಿಂದ ಪ್ರತಿ ವರ್ಷವೂ ತಿದ್ದಬಹುದಾದ ಅಂಕಿಗಳ ಅಗತ್ಯ ಉಂಟಾಯಿತು.

ತಲಾ ಆದಾಯವೆಂಬ ಮೊದಲ ಅಳತೆ

ಅಂತಹ ಅಂಕಿಗಳಲ್ಲಿ ಮೊದಲನೆಯದು ತಲಾ ಆದಾಯ. ಇದನ್ನು ಎರಡು ರೀತಿಯಲ್ಲಿ ಲೆಕ್ಕ ಹಾಕುತ್ತಾರೆ. ದೇಶದ ಗಡಿಯೊಳಗೆ ಒಂದು ವರ್ಷದಲ್ಲಿ ಉತ್ಪಾದನೆಯಾದ ಸರಕು-ಸೇವೆಗಳ ಮೌಲ್ಯ ಒಟ್ಟು ದೇಶೀಯ ಉತ್ಪನ್ನ, ಅಂದರೆ ಜಿಡಿಪಿ. ಅದರಿಂದ ವಿದೇಶೀಯರ ಪಾಲಿಗೆ ಹೋಗುವ ಲಾಭ, ಬಡ್ಡಿ, ವೇತನಗಳನ್ನು ಕಳೆದು, ವಿದೇಶಗಳಿಂದ ನಮ್ಮವರಿಗೆ ಬರುವಂಥದನ್ನು ಕೂಡಿದರೆ ಒಟ್ಟು ರಾಷ್ಟ್ರೀಯ ಆದಾಯ ಸಿಗುತ್ತದೆ. ವಿಶ್ವ ಬ್ಯಾಂಕು ದೇಶಗಳನ್ನು ವರ್ಗೀಕರಿಸಲು ಬಳಸುವುದು ಈ ಎರಡನೆಯದನ್ನು. ವಿನಿಮಯ ದರದ ಏರಿಳಿತ ತೀರ ಹೆಚ್ಚು ಬಾಧಿಸದಂತೆ ಮೂರು ವರ್ಷಗಳ ದರವನ್ನು ಸರಾಸರಿ ಮಾಡಿ ಅದು ಡಾಲರಿಗೆ ಪರಿವರ್ತಿಸುತ್ತದೆ. 2025ರ ಜುಲೈನಲ್ಲಿ ಪ್ರಕಟವಾದ ಮಿತಿಗಳ ಪ್ರಕಾರ ತಲಾ 1,135 ಡಾಲರ್‌ವರೆಗಿನವು ಕಡಿಮೆ ಆದಾಯದ ದೇಶಗಳು, 4,495ರವರೆಗಿನವು ಕೆಳಮಧ್ಯಮ, 13,935ರವರೆಗಿನವು ಮೇಲ್ಮಧ್ಯಮ, ಅದನ್ನು ಮೀರಿದವು ಅಧಿಕ ಆದಾಯದ ದೇಶಗಳು. 2023ರಲ್ಲಿ ಸುಮಾರು 2,500 ಡಾಲರ್ ತಲಾ ಆದಾಯವಿದ್ದ ಭಾರತ ಕೆಳಮಧ್ಯಮ ವರ್ಗದಲ್ಲಿದೆ.

ಈ ಲೆಕ್ಕಪದ್ಧತಿಗೆ ಅಡಿಪಾಯ ಹಾಕಿದವರಲ್ಲಿ ಪ್ರಮುಖರಾದ ಸೈಮನ್ ಕುಜ್ನೆಟ್ಸ್ ಅವರು 1934ರಲ್ಲಿ ಅಮೆರಿಕದ ಕಾಂಗ್ರೆಸ್ಸಿಗೆ ಸಲ್ಲಿಸಿದ ವರದಿಯಲ್ಲಿಯೇ, ರಾಷ್ಟ್ರೀಯ ಆದಾಯದಿಂದ ಜನರ ಕ್ಷೇಮವನ್ನು ಅಳೆಯಲು ಹೋಗಬಾರದೆಂದು ಎಚ್ಚರಿಸಿದ್ದರು. ಅಳತೆಗೋಲನ್ನು ಮಾಡಿಕೊಟ್ಟವರೇ ಅದರ ಮಿತಿಯನ್ನೂ ಹೇಳಿದ್ದರು.

ಜಿಡಿಪಿ ಎಷ್ಟರಮಟ್ಟಿಗೆ ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಐರ್ಲೆಂಡ್ ಉತ್ತಮ ಉದಾಹರಣೆ. ಅಲ್ಲಿಯ ಅಂಕಿಅಂಶ ಕಚೇರಿಯು 2015ರ ಜಿಡಿಪಿ ಬೆಳವಣಿಗೆ ಶೇಕಡಾ 26.3 ಎಂದು 2016ರ ಜುಲೈನಲ್ಲಿ ಪ್ರಕಟಿಸಿದಾಗ ಜಗತ್ತೇ ಬೆರಗಾಯಿತು. ಐರಿಷ್ ಜನರು ಆ ವರ್ಷ ಕಾಲುಪಾಲು ಹೆಚ್ಚು ದುಡಿದಿರಲಿಲ್ಲ, ಗಳಿಸಿರಲೂ ಇಲ್ಲ. ಬಹುರಾಷ್ಟ್ರೀಯ ಕಂಪನಿಗಳು ತೆರಿಗೆಯ ಅನುಕೂಲಕ್ಕಾಗಿ ತಮ್ಮ ಪೇಟೆಂಟು ಮುಂತಾದ ಬೌದ್ಧಿಕ ಸ್ವತ್ತುಗಳನ್ನು ಅಲ್ಲಿನ ಲೆಕ್ಕಪುಸ್ತಕಗಳಿಗೆ ವರ್ಗಾಯಿಸಿದ್ದವು, ಅಷ್ಟೇ. ಮರುವರ್ಷ ಆ ಕಚೇರಿಯೇ ಇಂತಹ ಅಂಶಗಳನ್ನು ಕಳೆದು ತೋರಿಸುವ ಪರಿಷ್ಕೃತ ರಾಷ್ಟ್ರೀಯ ಆದಾಯವೆಂಬ ಬೇರೊಂದು ಅಳತೆಯನ್ನು ಪ್ರಕಟಿಸತೊಡಗಿತು. ಪುಸ್ತಕದ ನಮೂದಿನಿಂದ ಲಾಭ ಹೆಚ್ಚಿದ ಸಂಸ್ಥೆಗಳನ್ನು ಕಂಡಿರುವ ಲೆಕ್ಕಪರಿಶೋಧಕರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ಮೂಲ ವರ್ಷ ಬದಲಾದಾಗಲೂ ಹೀಗೆಯೇ ಆಗುತ್ತದೆ. ಘಾನಾ ದೇಶವು 2010ರ ನವೆಂಬರಿನಲ್ಲಿ ಮೂಲ ವರ್ಷವನ್ನು 1993ರಿಂದ 2006ಕ್ಕೆ ಬದಲಿಸಿದಾಗ ಅದರ ಜಿಡಿಪಿ ಸುಮಾರು ಶೇಕಡಾ 60ರಷ್ಟು ಹಿಗ್ಗಿತು, ಅದು ಕೆಳಮಧ್ಯಮ ಆದಾಯದ ದೇಶವಾಯಿತು. ನೈಜೀರಿಯಾ 2014ರ ಏಪ್ರಿಲಿನಲ್ಲಿ ಮೂಲ ವರ್ಷವನ್ನು 1990ರಿಂದ 2010ಕ್ಕೆ ತಂದಾಗ 2013ರ ಜಿಡಿಪಿ ಶೇಕಡಾ 89ರಷ್ಟು ಏರಿ, ದಕ್ಷಿಣ ಆಫ್ರಿಕಾವನ್ನು ಹಿಂದಿಕ್ಕಿತು. ಮೊಬೈಲ್ ದೂರವಾಣಿ, ಚಲನಚಿತ್ರ ಮುಂತಾದ ಹೊಸ ಉದ್ಯಮಗಳು ಹಳೆಯ ಲೆಕ್ಕದಲ್ಲಿ ಸರಿಯಾಗಿ ಸೇರಿರಲಿಲ್ಲ. ಮಾರುಕಟ್ಟೆ ಮೊದಲೇ ಬೆಳೆದಿತ್ತು, ಲೆಕ್ಕ ತಡವಾಗಿ ಬಂತು. ಅಂಕಿಯನ್ನಷ್ಟೇ ನೋಡುತ್ತ ಕುಳಿತವರಿಗೆ ಆ ಅವಕಾಶ ಕಾಣಿಸಿರಲಾರದು.

ಡಾಲರಿನ ಲೆಕ್ಕ, ಕೊಳ್ಳುವ ಶಕ್ತಿಯ ಲೆಕ್ಕ

ತಲಾ ಆದಾಯವನ್ನು ಮಾರುಕಟ್ಟೆಯ ವಿನಿಮಯ ದರದಲ್ಲಿ ಡಾಲರಿಗೆ ಪರಿವರ್ತಿಸಿದರೆ ಇನ್ನೊಂದು ತೊಡಕು ಎದುರಾಗುತ್ತದೆ. ಕ್ಷೌರ, ಮನೆ ಬಾಡಿಗೆ, ಬಸ್ಸಿನ ಪ್ರಯಾಣ, ಹೋಟೆಲಿನ ಊಟ ಇವು ಗಡಿ ದಾಟಿ ಮಾರಾಟವಾಗುವ ಸರಕುಗಳಲ್ಲ. ನಮ್ಮಲ್ಲಿ ಇವುಗಳ ಬೆಲೆ ಅಮೆರಿಕದ ಬೆಲೆಗಿಂತ ಬಹಳ ಕಡಿಮೆ. ಈ ವ್ಯತ್ಯಾಸವನ್ನು ಸರಿಪಡಿಸಲು 1968ರಲ್ಲಿ ವಿಶ್ವಸಂಸ್ಥೆ ಮತ್ತು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಗಳು ಕೂಡಿ ಅಂತಾರಾಷ್ಟ್ರೀಯ ಹೋಲಿಕೆ ಕಾರ್ಯಕ್ರಮವನ್ನು ಆರಂಭಿಸಿದವು. ಒಂದೇ ಬಗೆಯ ಸರಕು-ಸೇವೆಗಳ ಬೆಲೆಯನ್ನು ದೇಶ ದೇಶಗಳಲ್ಲಿ ಸಂಗ್ರಹಿಸಿ, ಕೊಳ್ಳುವ ಶಕ್ತಿಯ ಸಮಾನತೆಯ ದರವನ್ನು ಅದು ನಿರ್ಧರಿಸುತ್ತದೆ.

2017ರ ಸುತ್ತಿನ ಫಲಿತಾಂಶವನ್ನು ನೋಡೋಣ. ಆ ವರ್ಷ ಮಾರುಕಟ್ಟೆಯಲ್ಲಿ ಒಂದು ಡಾಲರಿಗೆ 65.12 ರೂಪಾಯಿ. ಆದರೆ ಕೊಳ್ಳುವ ಶಕ್ತಿಯ ದರ ಕೇವಲ 20.65 ರೂಪಾಯಿ. ಅಂದರೆ ಅಮೆರಿಕದಲ್ಲಿ ಒಂದು ಡಾಲರು ಮಾಡುವ ಕೆಲಸವನ್ನು ಸರಾಸರಿಯಲ್ಲಿ ಇಲ್ಲಿ ಇಪ್ಪತ್ತೂವರೆ ರೂಪಾಯಿ ಮಾಡುತ್ತಿತ್ತು. ಈ ಲೆಕ್ಕದಲ್ಲಿ ಭಾರತ ಆ ವರ್ಷ ಚೀನಾ ಮತ್ತು ಅಮೆರಿಕಗಳ ನಂತರ ಮೂರನೆಯ ದೊಡ್ಡ ಆರ್ಥಿಕತೆಯಾಗಿತ್ತು.

ಈ ಅಳತೆಯೂ ದೋಷರಹಿತವಲ್ಲ. 2005ರ ಸುತ್ತಿನ ಬೆಲೆ ಸಮೀಕ್ಷೆಯ ಫಲಿತಾಂಶಗಳು 2007ರ ಕೊನೆಯಲ್ಲಿ ಹೊರಬಂದಾಗ ಭಾರತ ಮತ್ತು ಚೀನಾಗಳ ಆರ್ಥಿಕತೆಯ ಗಾತ್ರ ಹಿಂದಿನ ಅಂದಾಜಿಗಿಂತ ಸುಮಾರು ಶೇಕಡಾ 40ರಷ್ಟು ಕುಗ್ಗಿತು. ಅದಕ್ಕೆ ಮುಂಚೆ ಭಾರತ ಇಂತಹ ಸಮೀಕ್ಷೆಯಲ್ಲಿ ಭಾಗವಹಿಸಿದ್ದು 1985ರಲ್ಲಿ. ಚೀನಾ ಭಾಗವಹಿಸಿಯೇ ಇರಲಿಲ್ಲ. ನಡುವಿನ ಅಂಕಿಗಳೆಲ್ಲ ಅಂದಾಜುಗಳು.

ಹಾಗಾದರೆ ವ್ಯಾಪಾರಿ ಯಾವುದನ್ನು ನಂಬಬೇಕು? ಆ ದೇಶದ ಗಿರಾಕಿ ನಮಗೆ ಡಾಲರಿನಲ್ಲಿ ಹಣ ಕಳುಹಿಸಬೇಕಾಗಿದ್ದರೆ ವಿನಿಮಯ ದರದ ಲೆಕ್ಕವೇ ಸರಿ. ಯಂತ್ರ, ಕಚ್ಚಾ ತೈಲ, ಔಷಧಗಳನ್ನು ಯಾವ ದೇಶವೂ ಕೊಳ್ಳುವ ಶಕ್ತಿಯ ದರದಲ್ಲಿ ಆಮದು ಮಾಡಿಕೊಳ್ಳಲಾರದು. ಆ ದೇಶದಲ್ಲಿಯೇ ಘಟಕ ತೆರೆದು, ಅಲ್ಲಿಯ ಬೆಲೆಯಲ್ಲಿ ಅಲ್ಲಿಯ ಜನರಿಗೆ ಮಾರುವುದಿದ್ದರೆ ಕೊಳ್ಳುವ ಶಕ್ತಿಯ ಲೆಕ್ಕ ಹೆಚ್ಚು ಉಪಯುಕ್ತ.

ಮಾನವ ಅಭಿವೃದ್ಧಿ ಸೂಚ್ಯಂಕ: ಒಂದು ಲೆಕ್ಕ

ಆದಾಯದ ಆಚೆಗೆ ನೋಡಬೇಕೆಂಬ ಉದ್ದೇಶದಿಂದ 1990ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು ಮಾನವ ಅಭಿವೃದ್ಧಿ ಸೂಚ್ಯಂಕವನ್ನು ಹೊರತಂದಿತು. ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ ಅದರ ರೂವಾರಿ, ನಮ್ಮ ಅಮರ್ತ್ಯ ಸೇನ್ ಅವರ ಚಿಂತನೆ ಅದರ ಬೆನ್ನೆಲುಬು. ಆರೋಗ್ಯ, ಶಿಕ್ಷಣ, ಆದಾಯ ಎಂಬ ಮೂರು ಅಂಶಗಳಿಗೆ ಪ್ರತ್ಯೇಕವಾಗಿ 0ಯಿಂದ 1ರವರೆಗೆ ಅಂಕ ನೀಡಿ, ಅವುಗಳ ಗುಣೋತ್ತರ ಮಾಧ್ಯವನ್ನು ತೆಗೆಯುತ್ತಾರೆ.

2025ರ ವರದಿಯಲ್ಲಿರುವ, 2023ನೆಯ ಸಾಲಿಗೆ ಸಂಬಂಧಿಸಿದ ಭಾರತದ ಲೆಕ್ಕವನ್ನು ಓದುಗರು ತಾವೇ ಮಾಡಿ ನೋಡಬಹುದು. ನಿರೀಕ್ಷಿತ ಆಯುಷ್ಯ 72 ವರ್ಷ. ಕನಿಷ್ಠ 20, ಗರಿಷ್ಠ 85 ಎಂದು ಇಟ್ಟುಕೊಂಡು ಲೆಕ್ಕ ಹಾಕಿದರೆ ಆರೋಗ್ಯದ ಅಂಕ 0.80. ವಯಸ್ಕರ ಸರಾಸರಿ ಶಾಲಾ ವರ್ಷಗಳು 6.9, ಇಂದು ಶಾಲೆಗೆ ಸೇರುವ ಮಗುವಿನ ನಿರೀಕ್ಷಿತ ಶಾಲಾ ವರ್ಷಗಳು 13. ಇವನ್ನು ಕ್ರಮವಾಗಿ 15 ಮತ್ತು 18ರಿಂದ ಭಾಗಿಸಿ ಸರಾಸರಿ ತೆಗೆದರೆ ಶಿಕ್ಷಣದ ಅಂಕ 0.59. ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ ತಲಾ ಆದಾಯ 9,046 ಡಾಲರ್. 100 ಡಾಲರನ್ನು ಕನಿಷ್ಠ, 75,000 ಡಾಲರನ್ನು ಗರಿಷ್ಠ ಎಂದಿಟ್ಟುಕೊಂಡು ಲಾಗರಿದಮ್ ಮೂಲಕ ಲೆಕ್ಕ ಹಾಕಿದರೆ ಆದಾಯದ ಅಂಕ 0.68. ಮೂರನ್ನೂ ಗುಣಿಸಿ ಘನಮೂಲ ತೆಗೆದರೆ ಬರುವುದು ಸುಮಾರು 0.685. ಇದರಿಂದ 193 ದೇಶಗಳಲ್ಲಿ ಭಾರತಕ್ಕೆ 130ನೆಯ ಸ್ಥಾನ.

ಈಗ ಒಂದು ಸಣ್ಣ ಪರೀಕ್ಷೆ. ನಮ್ಮ ತಲಾ ಆದಾಯವೊಂದೇ ಎರಡು ಪಟ್ಟಿಗೂ ಮೀರಿ 20,000 ಡಾಲರಿನ ಸಮೀಪಕ್ಕೆ ಬಂದರೆ ಸೂಚ್ಯಂಕ ಸುಮಾರು 0.72 ಆಗುತ್ತದೆ. ಅದರ ಬದಲು ಆದಾಯ ಇದ್ದಲ್ಲಿಯೇ ಇದ್ದು, ಶಿಕ್ಷಣದ ಅಂಕ ಮಾತ್ರ ಆರೋಗ್ಯದ ಅಂಕಕ್ಕೆ ಸಮನಾದರೆ ಸೂಚ್ಯಂಕ ಸುಮಾರು 0.76ಕ್ಕೆ ಏರುತ್ತದೆ. ನಮ್ಮನ್ನು ಹಿಂದಕ್ಕೆ ಎಳೆಯುತ್ತಿರುವುದು ಯಾವುದೆಂದು ಇದಕ್ಕಿಂತ ಸ್ಪಷ್ಟವಾಗಿ ಹೇಳಬೇಕಾಗಿಲ್ಲ. ಲೇತ್ ಯಂತ್ರದ ಮುಂದೆ ನಿಲ್ಲಿಸಲು ನಕ್ಷೆ ಓದಬಲ್ಲ ಒಬ್ಬ ಹುಡುಗ ಸಿಗುತ್ತಿಲ್ಲ ಎಂದು ಕೊರಗುವ ಸಣ್ಣ ಕೈಗಾರಿಕೋದ್ಯಮಿಗಳು ಆ 6.9 ಎಂಬ ಅಂಕಿಯನ್ನು ದಿನನಿತ್ಯ ಅನುಭವಿಸುತ್ತಿದ್ದಾರೆ.

ಆದಾಯವಿದ್ದೂ ಅಭಿವೃದ್ಧಿ ಇಲ್ಲದಿರುವುದಕ್ಕೆ ಮಧ್ಯ ಆಫ್ರಿಕಾದ ತೈಲ ಸಂಪನ್ನ ದೇಶ ಈಕ್ವೆಟೋರಿಯಲ್ ಗಿನಿ ನಿದರ್ಶನ. 2011ರ ವರದಿಯಲ್ಲಿ ಅದರ ತಲಾ ಆದಾಯ ಭಾರತದ ಸುಮಾರು ಐದು ಪಟ್ಟು ಇತ್ತು. ಆದರೂ ಸೂಚ್ಯಂಕದಲ್ಲಿ ಅದು ನಮಗಿಂತ ಎರಡು ಸ್ಥಾನ ಕೆಳಗೆ, 136ರಲ್ಲಿತ್ತು.

ಹಾಗೆಂದು ಉತ್ತಮ ಸೂಚ್ಯಂಕವಿರುವ ದೇಶ ಸುರಕ್ಷಿತ ಗಿರಾಕಿಯೆಂದು ತಿಳಿಯುವಂತಿಲ್ಲ. ಆರೋಗ್ಯ ಮತ್ತು ಶಿಕ್ಷಣಗಳಲ್ಲಿ ಶ್ರೀಲಂಕಾ ನಮಗಿಂತ ಬಹಳ ಮುಂದಿದೆ. 2025ರ ವರದಿಯಲ್ಲಿ ಅದರ ಸ್ಥಾನ 89. ವಿಶ್ವ ಬ್ಯಾಂಕು 2019ರಲ್ಲಿ ಅದನ್ನು ಮೇಲ್ಮಧ್ಯಮ ವರ್ಗಕ್ಕೆ ಏರಿಸಿ, ಮರುವರ್ಷವೇ ಕೆಳಗಿಳಿಸಿತು. 2022ರ ಏಪ್ರಿಲಿನಲ್ಲಿ ಅದೇ ದೇಶ ವಿದೇಶಿ ಸಾಲದ ಮರುಪಾವತಿಯನ್ನು ನಿಲ್ಲಿಸಿತು. ಮೇ ತಿಂಗಳ ವೇಳೆಗೆ ಅದರ ಬಳಿ ಬಳಸಲು ಸಿಗುವ ವಿದೇಶಿ ವಿನಿಮಯ 5 ಕೋಟಿ ಡಾಲರಿಗೂ ಕಡಿಮೆಯಾಗಿತ್ತು. ಆಸ್ತಿ ಚೆನ್ನಾಗಿದ್ದೂ ಗಲ್ಲಾಪೆಟ್ಟಿಗೆಯಲ್ಲಿ ಕಾಸಿಲ್ಲದ ಅಂಗಡಿಯ ಸ್ಥಿತಿಯದು. ಅಭಿವೃದ್ಧಿಯ ಯಾವ ಸೂಚ್ಯಂಕವೂ ನಗದು ಹರಿವಿನ ಪಟ್ಟಿಯ ಕೆಲಸ ಮಾಡದು.

ಸರಾಸರಿಯ ಹಿಂದೆ ಅಡಗಿರುವುದು

ಮೇಲಿನ ಎಲ್ಲ ಅಂಕಿಗಳೂ ಸರಾಸರಿಗಳು. ಹಂಚಿಕೆ ಹೇಗಿದೆಯೆಂದು ತಿಳಿಯಲು ಇಟಲಿಯ ಕೊರಾಡೋ ಗಿನಿ 1912ರಲ್ಲಿ ಪ್ರಕಟಿಸಿದ ಗುಣಾಂಕ ಇಂದಿಗೂ ಬಳಕೆಯಲ್ಲಿದೆ. ಎಲ್ಲರಿಗೂ ಸಮಪಾಲಾದರೆ ಸೊನ್ನೆ, ಒಬ್ಬನಿಗೇ ಎಲ್ಲವೂ ಸೇರಿದರೆ 100. ಇಲ್ಲಿಯೂ ಎಚ್ಚರ ಬೇಕು. ವಿಶ್ವ ಬ್ಯಾಂಕು 2025ರಲ್ಲಿ ಹೊರತಂದ ಟಿಪ್ಪಣಿಯೊಂದರಲ್ಲಿ, ಕುಟುಂಬಗಳ ಖರ್ಚಿನ ಆಧಾರದ ಮೇಲೆ 2022-23ರಲ್ಲಿ ಭಾರತದ ಗಿನಿ ಗುಣಾಂಕ 25.5 ಎಂದಿದೆ. ಅದೇ ಟಿಪ್ಪಣಿಯು, ವಿಶ್ವ ಅಸಮಾನತೆ ದತ್ತಾಂಶದ ಪ್ರಕಾರ ಆದಾಯದ ಆಧಾರದ ಗುಣಾಂಕ 2023ರಲ್ಲಿ 62 ಎಂದೂ ತಿಳಿಸುತ್ತದೆ. ದೇಶ ಒಂದೇ, ಉತ್ತರ ಎರಡು. ಶ್ರೀಮಂತರು ಗಳಿಸಿದ್ದನ್ನೆಲ್ಲ ಖರ್ಚು ಮಾಡುವುದಿಲ್ಲ, ಸಮೀಕ್ಷೆಗಾರರಿಗೆ ಎಲ್ಲವನ್ನೂ ಹೇಳುವುದೂ ಇಲ್ಲ ಎಂಬುದು ಇದಕ್ಕೆ ಮುಖ್ಯ ಕಾರಣ. ಒಂದು ದೇಶದ ಖರ್ಚಿನ ಗುಣಾಂಕವನ್ನು ಇನ್ನೊಂದು ದೇಶದ ಆದಾಯದ ಗುಣಾಂಕದೊಂದಿಗೆ ಹೋಲಿಸುವುದು ಸಗಟು ಬೆಲೆಯನ್ನು ಚಿಲ್ಲರೆ ಬೆಲೆಯೊಂದಿಗೆ ಹೋಲಿಸಿದಂತೆ.

2010ರಿಂದ ಪ್ರಕಟವಾಗುತ್ತಿರುವ ಬಹು ಆಯಾಮದ ಬಡತನ ಸೂಚ್ಯಂಕವನ್ನು ವ್ಯಾಪಾರಿಗಳು ವಿಶೇಷವಾಗಿ ಗಮನಿಸಬೇಕು. ಪೌಷ್ಟಿಕತೆ, ಶಿಶು ಮರಣ, ಶಾಲಾ ಶಿಕ್ಷಣಗಳ ಜೊತೆಗೆ ಅಡುಗೆಯ ಇಂಧನ, ಶೌಚಾಲಯ, ಕುಡಿಯುವ ನೀರು, ವಿದ್ಯುತ್ತು, ವಸತಿ, ಮನೆಯ ಸಾಮಗ್ರಿಗಳನ್ನೂ ಅದು ಎಣಿಸುತ್ತದೆ. ಪಂಪುಸೆಟ್ಟು, ಒಲೆ, ವಿದ್ಯುತ್ ಉಪಕರಣಗಳನ್ನು ತಯಾರಿಸುವವರಿಗೆ ತಲಾ ಆದಾಯಕ್ಕಿಂತ ಈ ವಿವರಗಳೇ ಬೇಡಿಕೆಯ ಸ್ವರೂಪವನ್ನು ಹೆಚ್ಚು ತಿಳಿಸುತ್ತವೆ.

ವರ್ಗೀಕರಣದ ಬೆಲೆ ತೆರುವವರು ಯಾರು?

ಇಲ್ಲಿಯವರೆಗೆ ನಾವು ಬೇರೆಯವರನ್ನು ಅಳೆಯುವ ಮಾತಾಯಿತು. ನಮ್ಮನ್ನೂ ಅಳೆಯುತ್ತಾರೆ, ಅದರ ಫಲವನ್ನು ನಾವು ಉಣ್ಣಬೇಕಾಗುತ್ತದೆ.

ವಿಶ್ವಸಂಸ್ಥೆಯು 1971ರಿಂದ ಅತಿ ಹಿಂದುಳಿದ ದೇಶಗಳ ಪಟ್ಟಿಯೊಂದನ್ನು ಇಟ್ಟುಕೊಂಡಿದೆ. ತಲಾ ಆದಾಯ, ಮಾನವ ಸಂಪನ್ಮೂಲ, ಆರ್ಥಿಕ ಮತ್ತು ಪರಿಸರ ಸಂಬಂಧಿ ದೌರ್ಬಲ್ಯ ಎಂಬ ಮೂರು ಮಾನದಂಡಗಳು ಅದಕ್ಕಿವೆ. 2024ರ ಡಿಸೆಂಬರಿನಲ್ಲಿ ಸಾವೋ ಟೋಮೆ ಹೊರಬಂದ ಮೇಲೆ ಆ ಪಟ್ಟಿಯಲ್ಲಿ 44 ದೇಶಗಳು ಉಳಿದವು. ಈ ಪಟ್ಟಿಯಲ್ಲಿದ್ದ ಕಾರಣಕ್ಕೆ ಬಾಂಗ್ಲಾದೇಶದ ಸಿದ್ಧ ಉಡುಪುಗಳು 2001ರಿಂದ ಐರೋಪ್ಯ ಒಕ್ಕೂಟವನ್ನು ಸುಂಕವಿಲ್ಲದೆ ಪ್ರವೇಶಿಸಿದವು. ಅದೇ ಗಿರಾಕಿಗೆ ಮಾರುತ್ತಿದ್ದ ಬೆಂಗಳೂರಿನ ಉಡುಪು ಘಟಕಗಳಿಗೆ ಆ ಸವಲತ್ತು ಇರಲಿಲ್ಲ. ವಿಚಿತ್ರವೆಂದರೆ, 2025ರ ಮಾನವ ಅಭಿವೃದ್ಧಿ ವರದಿಯಲ್ಲಿ ಭಾರತ ಮತ್ತು ಬಾಂಗ್ಲಾದೇಶ ಎರಡೂ 0.685 ಅಂಕದೊಂದಿಗೆ ಒಂದೇ ಸ್ಥಾನದಲ್ಲಿವೆ! ಒಂದು ಗೋಲಿನಲ್ಲಿ ಸಮಾನರಾದವರು ಇನ್ನೊಂದು ಗೋಲಿನಲ್ಲಿ ಬೇರೆ ಬೇರೆ ಪಂಕ್ತಿಯಲ್ಲಿ ಕುಳಿತಿದ್ದರು. ಬಾಂಗ್ಲಾದೇಶ ಆ ಪಟ್ಟಿಯಿಂದ ಹೊರಬರುವ ದಿನವನ್ನು ವಿಶ್ವಸಂಸ್ಥೆಯ ಸಾಮಾನ್ಯ ಸಭೆಯು 2021ರಲ್ಲಿ 2026ರ ನವೆಂಬರ್ 24 ಎಂದು ಗೊತ್ತುಪಡಿಸಿತು. ಉಡುಪು ಉದ್ಯಮದಲ್ಲಿರುವ ಸದಸ್ಯರು ಈ ಬೆಳವಣಿಗೆಯನ್ನು ಗಮನಿಸುತ್ತಿರಬೇಕು.

ಇನ್ನು ನಮ್ಮದೇ ಪ್ರಕರಣ. ವಿಶ್ವ ವ್ಯಾಪಾರ ಸಂಸ್ಥೆಯ ಸಬ್ಸಿಡಿ ಒಪ್ಪಂದದ ಏಳನೆಯ ಅನುಬಂಧದಂತೆ, ತಲಾ ರಾಷ್ಟ್ರೀಯ ಆದಾಯವು 1990ರ ಸ್ಥಿರ ಡಾಲರಿನಲ್ಲಿ 1,000 ಡಾಲರನ್ನು ಸತತ ಮೂರು ವರ್ಷ ಮುಟ್ಟುವವರೆಗೆ ಭಾರತಕ್ಕೆ ರಫ್ತು ಸಬ್ಸಿಡಿ ನಿಷೇಧದಿಂದ ವಿನಾಯಿತಿ ಇತ್ತು. 2013, 2014 ಮತ್ತು 2015ರಲ್ಲಿ ನಾವು ಆ ಮಿತಿಯನ್ನು ದಾಟಿದ್ದೇವೆಂದು ಸಂಸ್ಥೆಯ ಲೆಕ್ಕ ತೋರಿಸಿತು. ಅಮೆರಿಕ ದೂರು ನೀಡಿತು. 2019ರ ಅಕ್ಟೋಬರ್ 31ರಂದು ಹೊರಬಿದ್ದ ಸಮಿತಿಯ ವರದಿ, ಭಾರತಕ್ಕೆ ಆ ವಿನಾಯಿತಿ ಇನ್ನಿಲ್ಲವೆಂದು ಹೇಳಿತು. ಭಾರತ ಮೇಲ್ಮನವಿ ಸಲ್ಲಿಸಿತಾದರೂ, 2019ರ ಡಿಸೆಂಬರಿನಿಂದ ಮೇಲ್ಮನವಿ ಪೀಠಕ್ಕೆ ಸದಸ್ಯಬಲವಿಲ್ಲದೆ ವಿಚಾರಣೆ ನಡೆಯಲಿಲ್ಲ. ರಫ್ತಿನ ಮೌಲ್ಯದ ಮೇಲೆ ಶೇಕಡಾವಾರು ದೊರೆಯುತ್ತಿದ್ದ ಎಂಇಐಎಸ್ ಸೌಲಭ್ಯ 2020ರ ಡಿಸೆಂಬರ್ 31ಕ್ಕೆ ಕೊನೆಗೊಂಡಿತು. ಅದರ ಸ್ಥಾನದಲ್ಲಿ 2021ರ ಜನವರಿ 1ರಿಂದ ಬಂದ ರೋಡ್‌ಟೆಪ್ ಯೋಜನೆ ಪ್ರೋತ್ಸಾಹಧನವಲ್ಲ, ರಫ್ತುದಾರರು ತೆತ್ತ, ಬೇರೆ ಮಾರ್ಗದಲ್ಲಿ ಹಿಂದಿರುಗದ ತೆರಿಗೆಗಳ ಮರುಪಾವತಿ ಮಾತ್ರ. ಶೇಕಡಾ ಎರಡು-ಮೂರರ ಅಂಚಿನಲ್ಲಿ ದರ ನಮೂದಿಸುತ್ತಿದ್ದ ಸಣ್ಣ ರಫ್ತುದಾರರಿಗೆ ಈ ಬದಲಾವಣೆ ಎಷ್ಟು ಭಾರವಾಯಿತೆಂದು ಅವರ ಲೆಕ್ಕಪುಸ್ತಕಗಳನ್ನು ನೋಡಿದವರಿಗೆ ಗೊತ್ತು. ಸೋಜಿಗವೆಂದರೆ, ಅವರಲ್ಲಿ ಬಹುಮಂದಿ ಆ 1,000 ಡಾಲರಿನ ಮಿತಿಯ ಹೆಸರನ್ನೇ ಕೇಳಿರಲಿಲ್ಲ.

ರಾಜ್ಯದೊಳಗೂ ಇದೇ ಕ್ರಮವಿದೆ. ಡಾ. ಡಿ.ಎಂ. ನಂಜುಂಡಪ್ಪ ಅವರ ಸಮಿತಿಯು 2002ರಲ್ಲಿ 35 ಸೂಚಕಗಳನ್ನು ಒಟ್ಟುಗೂಡಿಸಿ ಆಗಿನ 175 ತಾಲ್ಲೂಕುಗಳನ್ನು ಅಳೆದು, 114ನ್ನು ಹಿಂದುಳಿದವೆಂದು ಗುರುತಿಸಿತು. ದೇಶಗಳನ್ನು ಹೋಲಿಸುವ ವಿಧಾನವೇ ಅಲ್ಲಿ ತಾಲ್ಲೂಕುಗಳಿಗೆ ಅನ್ವಯವಾಯಿತು.

ಕೊನೆಯದಾಗಿ

ಯಾವುದೇ ದೇಶದ ಅಭಿವೃದ್ಧಿಯ ಅಂಕಿ ಕೈಗೆ ಬಂದಾಗ ಕೆಳಗಿನ ಪ್ರಶ್ನೆಗಳನ್ನು ಕೇಳುವ ಅಭ್ಯಾಸವನ್ನು ಸದಸ್ಯ ಮಿತ್ರರು ರೂಢಿಸಿಕೊಳ್ಳಬಹುದು.

1. ಇದು ದೇಶದೊಳಗಿನ ಉತ್ಪನ್ನವೋ, ಆ ದೇಶದ ಜನರ ಆದಾಯವೋ?
2. ವಿನಿಮಯ ದರದ ಡಾಲರೋ, ಕೊಳ್ಳುವ ಶಕ್ತಿಯ ಡಾಲರೋ? ಮೂಲ ವರ್ಷ ಯಾವುದು?
3. ಸರಾಸರಿಯ ಹಿಂದಿನ ಹಂಚಿಕೆ ಹೇಗಿದೆ? ನಮ್ಮ ಸರಕನ್ನು ಕೊಳ್ಳುವ ವರ್ಗ ಎಷ್ಟು ದೊಡ್ಡದು?
4. ಆಮದಿಗೆ ಹಣ ತೆರಲು ಆ ದೇಶದ ಬಳಿ ವಿದೇಶಿ ವಿನಿಮಯದ ಮೀಸಲು ಎಷ್ಟು ತಿಂಗಳಿಗೆ ಸಾಲುವಷ್ಟಿದೆ?
5. ಈ ಅಂಕಿ ಮುಂದೆ ಯಾವ ಮಿತಿಯನ್ನು ದಾಟಲಿದೆ? ದಾಟಿದರೆ ಯಾರ ಸುಂಕ ಏರುತ್ತದೆ, ಯಾರ ಸವಲತ್ತು ತಪ್ಪುತ್ತದೆ?

ಮೊದಲ ನಾಲ್ಕು ಪ್ರಶ್ನೆಗಳು ಗಿರಾಕಿಯನ್ನು ಅರಿಯಲು, ಐದನೆಯದು ನಮ್ಮನ್ನು ನಾವು ಕಾಪಾಡಿಕೊಳ್ಳಲು. 1,000 ಡಾಲರಿನ ಆ ಮಿತಿ ಗುಟ್ಟಾಗಿರಲಿಲ್ಲ, ಒಪ್ಪಂದದ ಅನುಬಂಧದಲ್ಲಿ ವರ್ಷಗಟ್ಟಲೆ ಅಚ್ಚಾಗಿಯೇ ಇತ್ತು. ಅದನ್ನು ಮೊದಲೇ ಓದಿದ್ದವರಿಗೆ ದರಪಟ್ಟಿಯನ್ನು ತಿದ್ದಿಕೊಳ್ಳಲು ಕಾಲಾವಕಾಶವಿತ್ತು. ಮುಂದಿನ ಮಿತಿಯ ವಿಷಯದಲ್ಲಾದರೂ ನಾವು ಆ ಸಾಲಿನಲ್ಲಿರೋಣ.